ಯೂನಿಯನ್ ಚುನಾವಣೆಯಲ್ಲಿ ‘ದುಡ್ಡು ತಿಂದ’ ಅಂದವರಿಗೆ ಏನು ಉತ್ತರ ಕೊಟ್ಟಿರಿ?

ಕೇಳಿದವರು, ಬೊಮ್ಮಸಂದ್ರ

ನಮ್ಮದು ಆಟೋ ಬಿಡಿಭಾಗ ಮಾಡುವ ಕಾರ್ಖಾನೆ. ಯೂನಿಯನ್‌ನಲ್ಲಿ 340 ಜನ ಇದ್ದೇವೆ. ಮುಂದಿನ ತಿಂಗಳು ಪದಾಧಿಕಾರಿಗಳ ಚುನಾವಣೆ. ಹೋದ ಸಲ ಜಂಟಿ ಕಾರ್ಯದರ್ಶಿ ಆಗಿದ್ದೆ, ಈ ಸಲ ಪ್ರಧಾನ ಕಾರ್ಯದರ್ಶಿ ಸ್ಥಾನಕ್ಕೆ ನಿಂತಿದ್ದೇನೆ. ಎದುರು ಪ್ಯಾನೆಲ್‌ನವರು ಎರಡು ಮಾತು ಹಬ್ಬಿಸಿದ್ದಾರೆ. ವೇತನ ಒಪ್ಪಂದದಲ್ಲಿ ನಾನು ಮ್ಯಾನೇಜ್‌ಮೆಂಟ್ ಕಡೆ ವಾಲಿದೆನಂತೆ. ಅರಿಯರ್ಸ್ (ಸಂಬಳದ ಹಿಂಬಾಕಿ) ಬಂದಾಗ ಯೂನಿಯನ್ ಖರ್ಚಿಗೆ ಅಂತ ಸದಸ್ಯರಿಂದ ವಸೂಲಿ ಮಾಡಿದ ಲೆವಿ ದುಡ್ಡಿಗೆ ಲೆಕ್ಕವೇ ಇಲ್ಲವಂತೆ. ಗೇಟ್ ಮೀಟಿಂಗ್‌ನಲ್ಲಿ ಸರಿಯಾಗಿ ಝಾಡಿಸೋಣ ಅಂತ ನಮ್ಮ ಹುಡುಗರು ಕುದಿಯುತ್ತಿದ್ದಾರೆ. ಇದನ್ನೆಲ್ಲ ದಾಟಿ ಬಂದವರು ಏನು ಮಾಡಿದಿರಿ, ಹೇಳಿ.

ಪೀಣ್ಯ, ಹಿಂದೆ ಖಜಾಂಚಿ ಆಗಿದ್ದವನು

ಝಾಡಿಸಬೇಡಿ. ನಾನು ಝಾಡಿಸಿ ನೋಡಿದ್ದೇನೆ.

2014ರಲ್ಲಿ ನನ್ನ ಮೇಲೂ ಇದೇ ಲೆವಿ ಪುಕಾರು ಬಂತು. ಗೇಟ್ ಮೀಟಿಂಗ್‌ನಲ್ಲಿ ಮೈಕ್ ಹಿಡಿದು, ‘ನನ್ನ ಮೇಲೆ ಬೆರಳು ತೋರಿಸೋನು ಕ್ಯಾಂಟೀನ್ ಕಮಿಟಿಯಲ್ಲಿದ್ದಾಗ ಏನೇನು ಮಾಡಿದ ಅಂತ ಮೊದಲು ಹೇಳಲಿ’ ಅಂತ ಕೂಗಿದೆ. ಭರ್ಜರಿ ಚಪ್ಪಾಳೆ ಬಿತ್ತು. ಮಾರನೇ ದಿನ ಟೀ ಹೊತ್ತಿನಲ್ಲಿ ಪ್ರೆಸ್ ಶಾಪಿನ ಹಿರಿಯರೊಬ್ಬರು ಪಕ್ಕಕ್ಕೆ ಬಂದು ಕೂತರು. ‘ಎಲ್ಲಾ ಸರಿ ಕಣಪ್ಪ, ಆ ದುಡ್ಡು ಏನಾಯ್ತು?’ ಅಂದರು. ಮುಕ್ಕಾಲು ಗಂಟೆ ಮಾತಾಡಿದ್ದೆ, ಆ ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೊಟ್ಟಿರಲಿಲ್ಲ.

ಅವತ್ತು ರಾತ್ರಿ ಲೆಕ್ಕದ ಪುಸ್ತಕ ಹರಡಿಕೊಂಡು ಕೂತೆ. ತಲೆಗೆ 500ರಂತೆ 212 ಜನ, ಒಟ್ಟು 1,06,000. ವಕೀಲರ ಫೀಸು, ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಓಡಾಡಿದ ಟೆಂಪೋ ಬಾಡಿಗೆ, ಸಸ್ಪೆಂಡ್ ಆಗಿದ್ದ ಇಬ್ಬರು ಹುಡುಗರ ಮನೆಗೆ ಕೊಟ್ಟದ್ದು, ಧರಣಿಯ ಶಾಮಿಯಾನ, ಚಿತ್ರಾನ್ನ, ಎಲ್ಲವನ್ನೂ ಒಂದು ಚಾರ್ಟ್ ಶೀಟಿನಲ್ಲಿ ಕೈಯಲ್ಲೇ ಬರೆದೆ. ಶಾಮಿಯಾನದ 1,800ಕ್ಕೆ ರಸೀದಿ ಸಿಗಲಿಲ್ಲ. ‘ಇತರೆ ಖರ್ಚಿಗೆ ಸೇರಿಸಿಬಿಡು, ಯಾರು ನೋಡ್ತಾರೆ’ ಅಂದರು ನಮ್ಮವರು. ನಾನು ಅದರ ಮುಂದೆ ಕೆಂಪು ಪೆನ್ನಿನಲ್ಲಿ ‘ರಸೀದಿ ಇಲ್ಲ’ ಅಂತ ಬರೆದೆ.

ಸೈಕಲ್ ಸ್ಟ್ಯಾಂಡಿನ ಪಕ್ಕ ಇರುವ ಯೂನಿಯನ್ ಬೋರ್ಡಿಗೆ ಅದನ್ನು ಅಂಟಿಸಿದೆ. ಮೂರೂ ಶಿಫ್ಟು ಬಿಡುವ ಹೊತ್ತಿಗೆ ಫೈಲು ಹಿಡಿದು ಅಲ್ಲೇ ನಿಂತೆ. ಏನಾಯ್ತು ಗೊತ್ತಾ? ಎಲ್ಲರ ಕಣ್ಣೂ ನೇರ ಆ ಕೆಂಪು ಅಕ್ಷರಕ್ಕೆ ಹೋಯಿತು. ವಕೀಲರ ಫೀಸು ಅದಕ್ಕಿಂತ ಎಷ್ಟೋ ದೊಡ್ಡದು, ಅದನ್ನು ಒಬ್ಬರೂ ಕೇಳಲಿಲ್ಲ. ಪೇಂಟ್ ಶಾಪಿನ ಒಬ್ಬ, ‘ಶಾಮಿಯಾನದವನು ನಮ್ಮ ಬೀದಿಯವನೇ, ವಿಚಾರಿಸ್ತೀನಿ ಬಿಡಣ್ಣ’ ಅಂದ. ಎರಡು ದಿನ ಬಿಟ್ಟು ಬಂದು ಹೇಳಿದ: ಅವನ ಪುಸ್ತಕದಲ್ಲಿ ಇದ್ದದ್ದು 1,600! ನನ್ನ ಲೆಕ್ಕವೇ ತಪ್ಪಿತ್ತು. 200 ರೂಪಾಯಿ ಕೈಯಿಂದ ಕಟ್ಟಿ, ಚಾರ್ಟಿನಲ್ಲೇ ತಿದ್ದಿದೆ. ಚುನಾವಣೆ 9 ಓಟಿನಲ್ಲಿ ಸೋತೆ, ಅದು ಬೇರೆ ಮಾತು. ಆದರೆ ಲೆವಿ ಮಾತು ಅಲ್ಲಿಗೆ ನಿಂತಿತು. ಮುಂದಿನ ಕಮಿಟಿಯೇ ಲೆಕ್ಕ ನೋಡಿಕೊಳ್ಳಲು ನನ್ನನ್ನು ಕರೆಯಿತು.

‘ಮ್ಯಾನೇಜ್‌ಮೆಂಟ್ ಕಡೆಯವನು’ ಅನ್ನುವುದು ಇದಕ್ಕಿಂತ ಕಷ್ಟ. ಅದಕ್ಕೆ ರಸೀದಿ ಎಲ್ಲಿಂದ ತರುವುದು? ನಾನಾಗಿದ್ದರೆ ಬೇಡಿಕೆ ಪಟ್ಟಿ ಒಂದು ಕಡೆ, ಒಪ್ಪಂದ ಒಂದು ಕಡೆ ಇಟ್ಟು ಓದಿ ಹೇಳುತ್ತೇನೆ. ಕೇಳಿದ್ದು ಎಷ್ಟು, ಸಿಕ್ಕಿದ್ದು ಎಷ್ಟು, ಬಿಟ್ಟುಕೊಟ್ಟದ್ದು ಯಾವುದು, ಯಾವ ಸಭೆಯಲ್ಲಿ ಕೈ ಎತ್ತಿ ಒಪ್ಪಿದಿರಿ, ಇಷ್ಟೇ. ನಮ್ಮಲ್ಲಿ ‘ಲೇಬರ್ ಆಫೀಸರ್ ಮುಂದೆ ಯಾಕೆ ಹೋದ್ರಿ, ಅಲ್ಲೇನೋ ಒಳ ಒಪ್ಪಂದ ಆಗಿದೆ’ ಅಂತ ಗುಲ್ಲೆದ್ದಿತ್ತು. ಆಗ ಇದ್ದದ್ದು 1947ರ ಕೈಗಾರಿಕಾ ವಿವಾದ ಕಾಯ್ದೆ. ನಾವು ಮತ್ತು ಮ್ಯಾನೇಜ್‌ಮೆಂಟ್ ನಾವು ನಾವೇ ಕೂತು ಅದರ 18(1)ನೇ ಸೆಕ್ಷನ್‌ನಲ್ಲಿ ಸಹಿ ಹಾಕಿದರೆ, ಸಹಿ ಹಾಕಿದ ಯೂನಿಯನ್‌ನವರಿಗಷ್ಟೇ ಅನ್ವಯ. ಸಂಧಾನಾಧಿಕಾರಿ, ಅಂದರೆ ಆ ಲೇಬರ್ ಆಫೀಸರ್ ಮುಂದೆ 12(3)ನೇ ಸೆಕ್ಷನ್‌ನಲ್ಲಿ ಆದರೆ ಯೂನಿಯನ್ ಸದಸ್ಯರಲ್ಲದವರಿಗೂ, ನಾಳೆ ಕೆಲಸಕ್ಕೆ ಸೇರುವವರಿಗೂ ಸಿಗುತ್ತೆ. ಇದನ್ನು ಸಹಿ ಹಾಕುವ ಮೊದಲೇ ಬಿಡಿಸಿ ಹೇಳಿದ್ದರೆ ಗುಲ್ಲೇ ಏಳುತ್ತಿರಲಿಲ್ಲ. ನಾವು ಹೇಳಿರಲಿಲ್ಲ.

ಮೈಸೂರು ರಸ್ತೆ, ಗಾರ್ಮೆಂಟ್ಸ್, ಟೈಲರ್

ಅಣ್ಣಂದಿರೇ, ನಿಮ್ಮದು ಲೆಕ್ಕದ ಮಾತು, ಚಾರ್ಟ್ ಹಾಕಿದರೆ ಮುಗಿಯಿತು. ನಾನು ನಿಂತಾಗ ಹಬ್ಬಿಸಿದ್ದು ‘ರಾತ್ರಿ ಮೀಟಿಂಗ್ ಅಂತ ಎಲ್ಲಿಗೆ ಹೋಗ್ತಾಳೋ’ ಅಂತ. ಇದಕ್ಕೆ ಯಾವ ಬೋರ್ಡಿನಲ್ಲಿ ಉತ್ತರ ಅಂಟಿಸಲಿ? ಮೈಕಿನಲ್ಲಿ ಹೇಳಿದರೆ, ಕೇಳದವರಿಗೂ ನಾನೇ ಕೇಳಿಸಿದ ಹಾಗೆ.

2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡಿನ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ರಸ್ತೆಗೆ ಇಳಿದಿದ್ದು ನೆನಪಿದೆಯಲ್ಲ? ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು. ಅವತ್ತು ನನ್ನ ಜೊತೆ ನಡೆದವರೇ ನಮ್ಮ ಲೈನಿನಲ್ಲಿ ಆರು ಜನ ಇದ್ದರು. ಅವರಿಗೆ ಇಷ್ಟೇ ಹೇಳಿದೆ: ಇನ್ನು ಮೀಟಿಂಗ್ ಭಾನುವಾರ ಬೆಳಗ್ಗೆ, ನಮ್ಮ ಮನೆಯಲ್ಲೇ, ಮಕ್ಕಳನ್ನೂ ಕರೆದುಕೊಂಡು ಬನ್ನಿ. ನಮ್ಮತ್ತೆ ಎಲ್ಲರಿಗೂ ಉಪ್ಪಿಟ್ಟು ಮಾಡಿದರು. ಊಟದ ಬಿಡುವಿನಲ್ಲಿ ಯಾರಾದರೂ ಆ ಮಾತು ತೆಗೆದರೆ ನನಗಿಂತ ಮೊದಲು ಆ ಆರು ಜನರೇ ಬಾಯಿ ಮುಚ್ಚಿಸುತ್ತಿದ್ದರು. ನಾನು ಇವತ್ತಿನವರೆಗೂ ಅದಕ್ಕೆ ಉತ್ತರ ಕೊಟ್ಟಿಲ್ಲ. ಕೋಪ ಇನ್ನೂ ಹಾಗೇ ಇದೆ, ಅದು ಹೋಗಲ್ಲ ಬಿಡಿ.

ಮಂಗಳೂರು, ನಿವೃತ್ತ

ವಾಟ್ಸಾಪ್‌ನಲ್ಲಿ ಮಾತ್ರ ಉತ್ತರ ಬರೆಯಲು ಹೋಗಬೇಡಿ ಮಾರಾಯ್ರೆ. ನಮ್ಮಲ್ಲಿ ಒಬ್ಬರು ರಾತ್ರಿ ಹನ್ನೊಂದು ಗಂಟೆಗೆ ಸಿಟ್ಟಿನಲ್ಲಿ ಬರೆದದ್ದರಲ್ಲಿ ಎರಡೇ ಸಾಲು ಕತ್ತರಿಸಿ ಫಾರ್ವರ್ಡ್ ಮಾಡಿದರು. ಬೆಳಗ್ಗೆ ಅದು ಎಚ್‌ಆರ್ ಟೇಬಲ್ ಮೇಲೆ ಇತ್ತು.

ಮತ್ತೊಂದು. ಎದುರು ನಿಂತವರೂ ನಿಮ್ಮ ಸದಸ್ಯರೇ ಅಲ್ವಾ? ಚುನಾವಣೆ ಮುಗಿದ ಮೇಲೆ ಅವರಿಗೆ ಮ್ಯಾನೇಜ್‌ಮೆಂಟ್‌ನಿಂದ ಚಾರ್ಜ್‌ಶೀಟ್ ಬಂದರೆ ಎನ್‌ಕ್ವೈರಿಗೆ ಪಕ್ಕದಲ್ಲಿ ಕೂರಬೇಕಾದವರು ನೀವೇ. ಅಷ್ಟು ಜಾಗ ಉಳಿಸಿಕೊಂಡು ಮಾತಾಡಿ.

ತುಮಕೂರು, ಕಚೇರಿ ಕಾರ್ಯದರ್ಶಿ

ಲೆಕ್ಕ ತೋರಿಸುವುದು ನಿಮ್ಮ ಔದಾರ್ಯ ಏನಲ್ಲ. 1926ರ ಟ್ರೇಡ್ ಯೂನಿಯನ್ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರವೇ ಲೆಕ್ಕದ ಪುಸ್ತಕ ನೋಡುವ ಹಕ್ಕು ಸದಸ್ಯರಿಗೆ ಇತ್ತು. ಪ್ರತಿ ವರ್ಷ ಆಡಿಟ್ ಆದ ಲೆಕ್ಕವನ್ನು ಟ್ರೇಡ್ ಯೂನಿಯನ್ ರಿಜಿಸ್ಟ್ರಾರ್‌ಗೆ ಕಳಿಸಬೇಕಿತ್ತು, ಅದೇ ರಿಟರ್ನ್ಸ್. ಈಗ ಆ ಕಾಯ್ದೆಯ ಜಾಗಕ್ಕೆ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ, ಆದರೂ ನಿಮ್ಮ ಬೈಲಾ ತೆಗೆದು ನೋಡಿ, ಆ ಸಾಲು ಅದರಲ್ಲಿರುತ್ತೆ. ಆ ವರ್ಷ ಕಳಿಸಿದ ರಿಟರ್ನ್ಸ್ ನಕಲು ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಕಳಿಸಿಯೇ ಇಲ್ಲ ಅಂದರೆ ಅವರು ಕೇಳುತ್ತಿರುವುದು ಸರಿಯಾಗಿಯೇ ಇದೆ.

ಕೇಳಿದವರು, ಬೊಮ್ಮಸಂದ್ರ

ಎಲ್ಲರಿಗೂ ಥ್ಯಾಂಕ್ಸ್. ಗೇಟ್ ಮೀಟಿಂಗ್ ಮುಂದೂಡಿದೆ, ಹುಡುಗರು ಸ್ವಲ್ಪ ಮುನಿಸಿಕೊಂಡಿದ್ದಾರೆ. ರಿಟರ್ನ್ಸ್ ಒಂದು ವರ್ಷದ್ದು ಸಿಕ್ಕಿದೆ, ಇನ್ನೊಂದು ವರ್ಷದ್ದು ಹೋಗಿಲ್ಲ. ಆಗಿನ ಅಧ್ಯಕ್ಷರಿಗೆ ಫೋನ್ ಮಾಡಿದೆ, ‘ನೀನೇ ಕಳಿಸಿದ್ದೀಯ ಅಂದ್ಕೊಂಡಿದ್ದೆ’ ಅಂದರು. ನಾನು ಅವರೇ ಕಳಿಸಿದ್ದಾರೆ ಅಂದುಕೊಂಡಿದ್ದೆ. ಚಾರ್ಟ್ ಶೀಟ್ ತಂದಿಟ್ಟಿದ್ದೇನೆ. ಕೆಂಪು ಪೆನ್ನೂ ತಂದೆ.