ಸಹಾಯ ಬೇಕು: ಹಳೆಯ ಫ್ರೆಂಚ್ ಬ್ರೋಚ್‌ನ ಎನಾಮೆಲ್ ಉದುರಿದೆ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರು ಪ್ಯಾರಿಸ್‌ನ ಹಳೆ ಸಾಮಾನಿನ ಸಂತೆಯಲ್ಲಿ ನನಗೊಂದು ಚಿನ್ನದ ಬ್ರೋಚ್ ಕೊಡಿಸಿದ್ದರು. ನೇರಳೆ, ಹಳದಿ ಎನಾಮೆಲ್‌ನ ಪ್ಯಾನ್ಸಿ ಹೂ, ನಡುವೆ ಪುಟ್ಟ ಮುತ್ತು. ಹಿಂದೆ ಹದ್ದಿನ ತಲೆಯ ಮುದ್ರೆ ಇದೆ. ಅದು 1838ರಿಂದ ಫ್ರಾನ್ಸಿನಲ್ಲಿ 18 ಕ್ಯಾರೆಟ್ ಚಿನ್ನಕ್ಕೆ ಹಾಕುತ್ತಾ ಬಂದಿರುವ ಗುರುತು.

ಫ್ರೆಂಚ್‌ನಲ್ಲಿ ಈ ಹೂವಿನ ಹೆಸರು 'ಪಾಂಸೆ'. ಅದೇ ಮಾತಿಗೆ 'ಯೋಚನೆ' ಅನ್ನೋ ಅರ್ಥವೂ ಇದೆ. ಹಾಗಾಗಿ ಆಗಿನ ಕಾಲದಲ್ಲಿ ಇದನ್ನು ಕೊಟ್ಟರೆ 'ಸದಾ ನಿನ್ನದೇ ಯೋಚನೆ' ಎಂದು ಹೇಳಿದ ಹಾಗೆ. ಎಷ್ಟು ಚೆಂದ ಅಲ್ವಾ? ನೀಲಿ ಫರ್ಗೆಟ್-ಮಿ-ನಾಟ್ ಹೂವಿನ ಒಡವೆಗಳೂ ಹೀಗೇ, 'ಮರೆಯಬೇಡ' ಅಂತ.

ಹೋದ ವಾರ ಸೀರೆಯಿಂದ ಜಾರಿ ನೆಲಕ್ಕೆ ಬಿತ್ತು. ಒಂದು ಎಸಳಿನ ಬಣ್ಣ ಉದುರಿ ಚಿನ್ನ ಕಾಣುತ್ತಿದೆ. ತುಂಬಾ ಬೇಜಾರಾಗಿದೆ. ಎನಾಮೆಲ್ ಅಂದರೆ ಬಣ್ಣದ ಗಾಜಿನ ಪುಡಿ, ಅದು ಕರಗಿ ಚಿನ್ನಕ್ಕೆ ಅಂಟಲು ಕುಲುಮೆಯಲ್ಲಿ ಸುಮಾರು 800 ಡಿಗ್ರಿ ಶಾಖ ಬೇಕು. ಆ ಬಿಸಿಗೆ ಮುತ್ತು ಉಳಿಯೋದಿಲ್ಲ. ಮುತ್ತು ಬಿಚ್ಚಿ ಮತ್ತೆ ಸುಡಿಸಬೇಕಾ, ಅಥವಾ ಸುಡದೆ ರೆಸಿನ್ (ಗಟ್ಟಿಯಾಗುವ ಅಂಟಿನಂಥ ದ್ರವ) ತುಂಬಿಸಿದರೆ ಸಾಕಾ? ಬೆಂಗಳೂರಿನಲ್ಲಿ ಮೀನಾಕಾರಿ (ಒಡವೆಗೆ ಎನಾಮೆಲ್ ಹಾಕುವ) ಕೆಲಸ ಬಲ್ಲ, ಹಳೆ ಒಡವೆ ಮುಟ್ಟಿ ಅನುಭವ ಇರುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಸುಮ್ನೆ ಪಾಲಿಶ್ ಹಾಕಿ ಕೊಡುವವರು ಬೇಡ. ಉದುರಿದ ಚೂರುಗಳನ್ನು ಡಬ್ಬಿಯಲ್ಲಿ ಎತ್ತಿಟ್ಟಿದ್ದೇನೆ.