ಹೈ ಸ್ಪೀಡ್ ಪೋರ್ಟ್‌ನಲ್ಲಿ ಮಾತ್ರ -75: ಬಲ್ಕ್ ಇನ್ ಓದುವಾಗ ತಪ್ಪು ಎಲ್ಲಿದೆ?

ಪ್ರಶ್ನೆ

ಲಿನಕ್ಸ್‌ಗೆ ಒಂದು ಸೆನ್ಸರ್ ಬೋರ್ಡ್‌ನ ಯುಎಸ್‌ಬಿ ಡ್ರೈವರ್ ಬರೆಯುತ್ತಿದ್ದೇನೆ. ಬೋರ್ಡ್ ತನ್ನ ಫಿಫೋದಿಂದ (ಮೊದಲು ಬಂದದ್ದು ಮೊದಲು ಹೊರಹೋಗುವ ಮೆಮೊರಿ) 576 ಬೈಟ್‌ನ ರೆಕಾರ್ಡ್‌ಗಳನ್ನು ಬಲ್ಕ್ ಇನ್ (ಬೋರ್ಡ್‌ನಿಂದ ಕಂಪ್ಯೂಟರ್‌ಗೆ ಡೇಟಾ ತರುವ ಯುಎಸ್‌ಬಿ ವರ್ಗಾವಣೆ) ಮೂಲಕ ಕಳಿಸುತ್ತದೆ. ಯುಆರ್‌ಬಿಗೂ (ಡ್ರೈವರ್ ಕರ್ನಲ್‌ಗೆ ಕೊಡುವ ಒಂದು ಯುಎಸ್‌ಬಿ ವರ್ಗಾವಣೆಯ ಕೋರಿಕೆ) 576 ಬೈಟ್‌ನ ಬಫರ್ ಕೊಟ್ಟಿದ್ದೇನೆ. ಅದು ಡಿವೈಸ್ ಸ್ಟ್ರಕ್ಚರ್ ಒಳಗಿನ ಅರೇ. ಫುಲ್ ಸ್ಪೀಡ್ ಹಬ್ ಮೂಲಕ ಜೋಡಿಸಿದರೆ ಏನೂ ತೊಂದರೆಯಿಲ್ಲ. ನೇರ ಹೈ ಸ್ಪೀಡ್ ಪೋರ್ಟ್‌ಗೆ ಹಾಕಿದರೆ ಆಗಾಗ ಸ್ಟೇಟಸ್ -75, ಸಿಸ್ಟಂ ಮೇಲೆ ಲೋಡ್ ಇದ್ದಾಗ ಇನ್ನೂ ಹೆಚ್ಚು. ಕೇಬಲ್ 2 ಸಲ ಬದಲಿಸಿದೆ. 480 ಮೆಗಾಬಿಟ್ ವೇಗದಲ್ಲಿ ಸಿಗ್ನಲ್ ಕೆಡುತ್ತಿದೆಯೇ?

ಉತ್ತರ 1

ಕೇಬಲ್ ಬಿಡಿ. ಸಿಗ್ನಲ್ ಕೆಟ್ಟರೆ ಸಾಮಾನ್ಯವಾಗಿ -71 ಅಥವಾ -84 ಬರುತ್ತದೆ. -75 ಅಂದರೆ ನೀವು ಕೊಟ್ಟ ಜಾಗಕ್ಕಿಂತ ಹೆಚ್ಚು ಡೇಟಾ ಬಂತು ಅಂತ.

ಫುಲ್ ಸ್ಪೀಡ್‌ನಲ್ಲಿ ನಿಮ್ಮ ಪ್ಯಾಕೆಟ್ 64 ಬೈಟ್. 576 ಅಂದರೆ ಸರಿಯಾಗಿ 9 ಪ್ಯಾಕೆಟ್, ಬಫರ್ ತುಂಬಿ ಯುಆರ್‌ಬಿ ಮುಗಿಯುತ್ತದೆ. ಹೈ ಸ್ಪೀಡ್‌ನಲ್ಲಿ ಬಲ್ಕ್ ಪ್ಯಾಕೆಟ್ 512. ಒಂದೇ ರೆಕಾರ್ಡ್ ಇದ್ದರೆ 512, ಆಮೇಲೆ 64. ಚಿಕ್ಕ ಪ್ಯಾಕೆಟ್ ಬಂದದ್ದರಿಂದ ಅಲ್ಲಿಗೆ ಮುಗಿಯಿತು. ಲೋಡ್ ಇದ್ದಾಗ ನಿಮ್ಮ ಮುಂದಿನ ಯುಆರ್‌ಬಿ ತಡವಾಗುತ್ತದೆ, ಅಷ್ಟರಲ್ಲಿ ಫಿಫೋದಲ್ಲಿ 2 ರೆಕಾರ್ಡ್ ಸೇರಿ 1152 ಬೈಟ್ ಆಗಿರುತ್ತದೆ. ಬೋರ್ಡ್ ಅದನ್ನು 512, 512, 128 ಎಂದು ಕಳಿಸುತ್ತದೆ. ಎರಡನೇ 512 ಬರುವ ಹೊತ್ತಿಗೆ ಬಫರ್‌ನಲ್ಲಿ ಉಳಿದಿರುವುದು 64 ಬೈಟ್ ಮಾತ್ರ.

ಇನ್ ಬಫರ್‌ನ ಅಳತೆ ಯಾವಾಗಲೂ ಪ್ಯಾಕೆಟ್ ಗಾತ್ರದ ಪೂರ್ಣ ಗುಣಕವಾಗಿರಲಿ. 4096 ಇಟ್ಟು ನೋಡಿ. ಆಮೇಲೆ ಯುಎಸ್‌ಬಿಮಾನ್ ಮಾಡ್ಯೂಲ್ (ಯುಎಸ್‌ಬಿ ಸಂಚಾರ ದಾಖಲಿಸುವ ಕರ್ನಲ್ ಭಾಗ) ಲೋಡ್ ಮಾಡಿ, ಸಂಚಾರ ನೋಡುವ ವೈರ್‌ಶಾರ್ಕ್ ತಂತ್ರಾಂಶದಲ್ಲಿ ಆ ಬಸ್ ತೆರೆದರೆ 1152 ಉದ್ದದ ಯುಆರ್‌ಬಿಗಳು ಕಾಣಬೇಕು. ಒಂದು ಮಾತು: ಯುಎಸ್‌ಬಿಮಾನ್ ತೋರಿಸುವುದು ಯುಆರ್‌ಬಿಗಳನ್ನು, ತಂತಿಯ ಮೇಲಿನ ಬಿಡಿ ಪ್ಯಾಕೆಟ್‌ಗಳನ್ನಲ್ಲ. ಅವು ಬೇಕಿದ್ದರೆ ಹಾರ್ಡ್‌ವೇರ್ ಅನಲೈಸರ್ರೇ ಬೇಕು.

ಉತ್ತರ 2

ಬಫರ್ ಸ್ಟ್ರಕ್ಚರ್ ಒಳಗಿನ ಅರೇ ಅಂದಿರಿ, ಅದನ್ನೂ ಈಗಲೇ ತೆಗೆಯಿರಿ. ಅರೇ ಮತ್ತು ಪಕ್ಕದ ಫೀಲ್ಡ್ ಒಂದೇ ಕ್ಯಾಶ್ ಲೈನ್‌ನಲ್ಲಿದ್ದು, ಡಿಎಂಎ (ಸಿಪಿಯು ನೆರವಿಲ್ಲದೆ ಹಾರ್ಡ್‌ವೇರ್ ನೇರ ಮೆಮೊರಿಗೆ ಬರೆಯುವುದು) ನಡೆಯುತ್ತಿರುವಾಗ ಸಿಪಿಯು ಆ ಫೀಲ್ಡ್‌ಗೆ ಬರೆದರೆ, ಕ್ಯಾಶ್ ಕೊಹೆರೆಂಟ್ ಅಲ್ಲದ (ಸಿಪಿಯು ಕ್ಯಾಶ್ ಮತ್ತು ಡಿಎಂಎ ತಾವಾಗಿಯೇ ಹೊಂದಿಕೊಳ್ಳದ) ಎಆರ್‌ಎಂ ಬೋರ್ಡ್‌ಗಳಲ್ಲಿ ಅಂಚಿನ ಕೆಲವು ಬೈಟ್ ಕೆಡುತ್ತವೆ. ಸ್ಟೇಟಸ್ ಮಾತ್ರ 0 ಅಂತಲೇ ಇರುತ್ತದೆ, ಹುಡುಕುವುದು ಬಹಳ ಕಷ್ಟ. ಕರ್ನಲ್‌ನಲ್ಲಿ ಮೆಮೊರಿ ಕೊಡುವ ಕೆಮ್ಯಾಲಕ್ ಫಂಕ್ಷನ್‌ನಿಂದ ಪ್ರತ್ಯೇಕ ಬಫರ್ ತೆಗೆದುಕೊಳ್ಳಿ. ಸ್ಟ್ಯಾಕ್ ಮೇಲಿನ ಬಫರ್ ಅಂತೂ ಬೇಡವೇ ಬೇಡ.

ಕಂಪ್ಲೀಷನ್ ಹ್ಯಾಂಡ್ಲರ್‌ನಲ್ಲಿ (ಯುಆರ್‌ಬಿ ಮುಗಿದಾಗ ಕರೆಯಲಾಗುವ ಫಂಕ್ಷನ್) -2, -104, -108 (ಯುಆರ್‌ಬಿ ರದ್ದಾಗಿದೆ ಅಥವಾ ಸಾಧನ ಹೋಗಿದೆ) ಬಂದರೆ ಮತ್ತೆ ಸಬ್‌ಮಿಟ್ ಮಾಡದೆ ಹಿಂದಿರುಗಿ. -32 ಅಂದರೆ ಸ್ಟಾಲ್ (ಎಂಡ್‌ಪಾಯಿಂಟ್ ನಿಂತುಹೋಗಿದೆ), ಆ ಹಾಲ್ಟ್ ತೆರವು ಮಾಡುವ ಫಂಕ್ಷನ್ ನಿದ್ರಿಸುತ್ತದೆ (ಕಾಯುತ್ತಾ ನಿಲ್ಲುತ್ತದೆ), ಹಾಗಾಗಿ ಹ್ಯಾಂಡ್ಲರ್‌ನಿಂದ ಕರೆಯದೆ ವರ್ಕ್‌ಕ್ಯೂಗೆ (ಕೆಲಸವನ್ನು ಆಮೇಲೆ ಮಾಡಲು ಇಡುವ ಸಾಲು) ಹಾಕಿ. ಕೇಬಲ್ ಕಿತ್ತಾಗ ಡಿಸ್‌ಕನೆಕ್ಟ್ ಕರೆ ಬರುವ ಮೊದಲೇ -71 ಸರಣಿಯಾಗಿ ಬರಬಹುದು. ಆಗ ತಕ್ಷಣ ಸಬ್‌ಮಿಟ್ ಮಾಡುತ್ತಾ ಹೋದರೆ ಲಾಗ್ ತುಂಬಿ ಹೋಗುತ್ತದೆ, ಸ್ವಲ್ಪ ವಿಳಂಬ ಇಡಿ.

ಪ್ರಶ್ನೆ ಕೇಳಿದವರು

ಧನ್ಯವಾದ ಸರ್. ಬಫರ್ ಬೇರೆ ಮಾಡಿ 4096 ಕೊಟ್ಟೆ, -75 ಪೂರ್ತಿ ನಿಂತಿತು. ನೀವು ಹೇಳಿದ 1152 ಕೂಡ ಕಾಣಿಸಿತು. ಈಗ ಯುಆರ್‌ಬಿಯ ಆಕ್ಚುವಲ್ ಲೆಂತ್ ನೋಡಿ ನಾನೇ 576ರಂತೆ ಕತ್ತರಿಸುತ್ತಿದ್ದೇನೆ. ಆದರೆ ಭಾರೀ ಲೋಡ್ ಆದಮೇಲೆ ಅಪರೂಪಕ್ಕೆ ಕೊನೆಯ ರೆಕಾರ್ಡ್ ಸಿಕ್ಕಿಕೊಂಡು, ಮುಂದಿನದು ಬಂದಾಗಲೇ ಬಿಡುಗಡೆಯಾಗುತ್ತದೆ.

ಉತ್ತರ 1

8 ರೆಕಾರ್ಡ್ ಸೇರಿದರೆ ಹೀಗಾಗುತ್ತದೆ. ಒಟ್ಟು 4608 ಬೈಟ್, 512ರ 9 ಪಟ್ಟು, ಕೊನೆಯಲ್ಲಿ ಚಿಕ್ಕ ಪ್ಯಾಕೆಟ್ಟೇ ಇಲ್ಲ. ಮೊದಲ ಯುಆರ್‌ಬಿ 4096ಕ್ಕೆ ತುಂಬಿ ಮುಗಿಯುತ್ತದೆ, ಅದರಲ್ಲಿ ಎಂಟನೇ ರೆಕಾರ್ಡಿನ 64 ಬೈಟ್ ಮಾತ್ರ ಇರುತ್ತದೆ. ಉಳಿದ 512 ಎರಡನೇ ಯುಆರ್‌ಬಿಯಲ್ಲಿ ಕೂತು, ಇನ್ನೂ ಬರುವುದಿದೆ ಎಂದು ಕಾಯುತ್ತದೆ.

ಇದನ್ನು ಫರ್ಮ್‌ವೇರ್‌ನಲ್ಲೇ ಸರಿಪಡಿಸಬೇಕು: ಫಿಫೋ ಖಾಲಿಯಾದಾಗ ಕೊನೆಯ ಪ್ಯಾಕೆಟ್ ಪೂರ್ತಿ 512 ಆಗಿದ್ದರೆ, ಅದರ ಹಿಂದೆ ಶೂನ್ಯ ಉದ್ದದ ಒಂದು ಪ್ಯಾಕೆಟ್ ಕಳಿಸಲಿ. ಆ ಶೂನ್ಯ ಪ್ಯಾಕೆಟ್ ಕೆಲವೊಮ್ಮೆ ಹೊಸ ಯುಆರ್‌ಬಿಗೇ ಬಂದು ಬೀಳುತ್ತದೆ. ಆಗ ಸ್ಟೇಟಸ್ 0, ಉದ್ದವೂ 0. ನಿಮ್ಮ ಹ್ಯಾಂಡ್ಲರ್ ಅದನ್ನು ಎರರ್ ಎಂದುಕೊಳ್ಳದೆ ಸುಮ್ಮನೆ ಮತ್ತೆ ಸಬ್‌ಮಿಟ್ ಮಾಡಲಿ.