ಇಂಕ್ ಪೆನ್: ಕಂಡ ತಕ್ಷಣ ಕೊಳ್ಳೋದಾ, ಕಾದು ಕೊಳ್ಳೋದಾ?

ಮಂಡ್ಯದಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನೋಟ್ಸು, ಪಾಠಯೋಜನೆ, ಡೈರಿ ಎಲ್ಲ ಇಂಕ್ ಪೆನ್ನಿನಲ್ಲೇ. ಮೊದಲು ಒಂದೇ ಪೆನ್ ಇತ್ತು, ಈಗ ಡ್ರಾಯರ್ ತುಂಬಿದೆ. ರಾತ್ರಿ ಮೊಬೈಲ್ ನೋಡುತ್ತಾ ಕೂತಾಗ ಯಾವುದೋ ಹೊಸ ಬಣ್ಣ ಕಣ್ಣಿಗೆ ಬೀಳುತ್ತೆ, ಆರ್ಡರ್ ಆಗಿಹೋಗುತ್ತೆ. ಬಂದ ಮೇಲೆ ಒಂದೆರಡು ವಾರ ಅದರದ್ದೇ ಸಂಭ್ರಮ. ಆಮೇಲೆ ಡ್ರಾಯರ್. ಒಂದು ಗೋಲ್ಡ್ ನಿಬ್ ಪೆನ್ ತಗೋಬೇಕು ಅಂತ ಬಹಳ ದಿನದ ಆಸೆ, ಅದಕ್ಕೆ ಮಾತ್ರ ದುಡ್ಡು ಕೂಡುತ್ತಿಲ್ಲ. ನಮ್ಮನೆಯವರು ಬಾಯಿಬಿಟ್ಟು ಏನೂ ಅನ್ನಲ್ಲ. ಕೊರಿಯರ್ ಹುಡುಗನಿಗೆ ಕಾಫಿ ಕೊಟ್ಟು ಮಾತಾಡಿಸೋಕೆ ಶುರು ಮಾಡಿದ್ದಾರೆ, ಅಷ್ಟೆ. ನೀವೆಲ್ಲ ಹೇಗೆ ತಡೆದುಕೊಳ್ಳುತ್ತೀರಿ? ಪಟ್ಟಿ ಮಾಡಿಕೊಂಡು ಕೊಳ್ಳುತ್ತೀರಾ, ಇಲ್ಲ ಎಲ್ಲರದ್ದೂ ಇದೇ ಕಥೆನಾ?

ಸರಸ್ವತಿಪುರಂ, ಮೈಸೂರು

ಮೇಡಂ, ಎಲ್ಲರದ್ದೂ ಇದೇ ಕಥೆ. ಆದರೆ ‘ತಡೆದುಕೊಳ್ಳೋದು’ ಅನ್ನೋ ಕಡೆಯಿಂದ ಶುರು ಮಾಡಿದರೆ ಆಗಲ್ಲ. ನಾನು ಕೇಳಿಕೊಳ್ಳುವುದು ಒಂದೇ: ಈ ಪೆನ್ ಮುಂದಿನ ವರ್ಷವೂ ಅಂಗಡಿಯಲ್ಲಿ ಇರುತ್ತಾ? ಜರ್ಮನಿಯ ಲ್ಯಾಮಿ ಕಂಪನಿಯ ಸಫಾರಿ ಪೆನ್ 1980ರಿಂದ ಬರುತ್ತಲೇ ಇದೆ. ಅವರದ್ದೇ ಲ್ಯಾಮಿ 2000 ಅನ್ನೋ ಪೆನ್ ಅಂತೂ 1966ರಿಂದ ಹೆಚ್ಚುಕಡಿಮೆ ಅದೇ ರೂಪದಲ್ಲಿದೆ. ಇಂಥವನ್ನು ಇವತ್ತು ರಾತ್ರಿಯೇ ಕೊಳ್ಳಬೇಕು ಅನ್ನೋ ಅರ್ಜೆಂಟ್ ಯಾರಿಗೂ ಇಲ್ಲ. ಅರ್ಜೆಂಟ್ ಇರೋದು ಮಾರುವವರಿಗೆ.

ನಿಮ್ಮನ್ನು ಎಳೆಯುತ್ತಿರೋದು ಬಣ್ಣ ಅಂತ ನೀವೇ ಬರೆದಿದ್ದೀರಿ. ಸಫಾರಿಯಲ್ಲಿ ಆಗಾಗ ಒಂದು ವಿಶೇಷ ಬಣ್ಣ ಬಿಡುತ್ತಾರೆ. ನಿಬ್ಬಿಗೆ ಇಂಕ್ ಹರಿಸುವ ಒಳಗಿನ ಫೀಡು ಅದೇ, ನಿಬ್ಬು ಅದೇ. ಕೈಗೆ ಏನೂ ಹೊಸದು ಸಿಗಲ್ಲ. ಬರವಣಿಗೆ ಬದಲಾಗಬೇಕು ಅಂದರೆ ನಿಬ್ಬನ್ನೇ ಬದಲಾಯಿಸಬಹುದು. ನಿಬ್ಬಿನ ಮೇಲೆ ಒಂದು ತುಂಡು ಸೆಲ್ಲೋಟೇಪ್ ಅಂಟಿಸಿ ಮುಂದಕ್ಕೆ ನೇರವಾಗಿ ಎಳೆದರೆ ಜಾರಿ ಬರುತ್ತೆ. ಹೊಸದನ್ನು ಹಾಗೇ ತಳ್ಳಿ ಕೂರಿಸುವುದು. ಲ್ಯಾಮಿಯ ಸಫಾರಿ, ವಿಸ್ಟಾ, ಆಲ್‌ಸ್ಟಾರ್ ಮೂರಕ್ಕೂ ಒಂದೇ ನಿಬ್ ಕೂರುತ್ತೆ. (2000ಕ್ಕೆ ಕೂರಲ್ಲ, ಅದರದ್ದೇ ಬೇರೆ.) ಹೊಸ ಪೆನ್ನಿಗೆ ಕೈ ತುರಿಸಿದಾಗ ಒಂದು ನಿಬ್ ತರಿಸಿ ನೋಡಿ. ಖರ್ಚು ಎಷ್ಟೋ ಕಡಿಮೆ, ಪೆನ್ ನಿಜಕ್ಕೂ ಬೇರೆಯದೇ ಆಗುತ್ತೆ.

ಇನ್ನೊಂದು ಮಾತು, ಇದು ಕನ್ನಡ ಬರೆಯುವವರಿಗೆ. ನಾವು ನೋಡುವ ವಿಡಿಯೊಗಳಲ್ಲಿ ಬಹುತೇಕ ಎಲ್ಲರೂ ಬರೆದು ತೋರಿಸೋದು ಇಂಗ್ಲಿಷ್. ಅವರ ಎಂ (ಮೀಡಿಯಂ, ಮಧ್ಯಮ ದಪ್ಪದ) ನಿಬ್ ಚೆನ್ನಾಗಿ ಕಾಣುತ್ತೆ. ಅದರಲ್ಲೇ ‘ಸ್ವಾತಂತ್ರ್ಯ’ ಬರೆಯಿರಿ, ‘ವೈಶಿಷ್ಟ್ಯ’ ಬರೆಯಿರಿ. ಒತ್ತಕ್ಷರ ಮಸಿಯಲ್ಲಿ ಮುಳುಗಿಹೋಗುತ್ತೆ. ಥ ಅಕ್ಷರದ ಹೊಟ್ಟೆಯೊಳಗಿನ ಚುಕ್ಕೆ ಮುಚ್ಚಿಕೊಳ್ಳುತ್ತೆ. ಧ ಬರೆದರೂ ದ ಥರ ಕಾಣುತ್ತೆ. ನಮ್ಮ ಅಕ್ಷರ ದುಂಡು, ಹಾಗಾಗಿ ನಿಬ್ಬನ್ನು ಎಳೆಯುವಷ್ಟೇ ತಳ್ಳಲೂ ಬೇಕು. ತುದಿ ಒರಟಾಗಿದ್ದರೆ ತಳ್ಳುವಾಗ ಕಾಗದ ಕೆರೆಯುತ್ತೆ. ನಿಬ್ಬಿನ ಮೇಲೆ ಒಂದೇ ಎಫ್ (ಫೈನ್, ಸಣ್ಣ) ಅಂತ ಬರೆದಿದ್ದರೂ ಜಪಾನಿನ ಎಫ್ ಸಣ್ಣದು, ಜರ್ಮನಿಯ ಎಫ್ ದಪ್ಪ. ಗೆರೆ ಎಳೆದ ನೋಟ್‌ಬುಕ್ಕಿನಲ್ಲಿ ಸಣ್ಣ ಅಕ್ಷರ ಬರೆಯುವವರಿಗೆ ಜಪಾನಿನ ಎಫ್ ಅಥವಾ ಜರ್ಮನಿಯ ಇಎಫ್ (ಎಕ್ಸ್‌ಟ್ರಾ ಫೈನ್, ಇನ್ನೂ ಸಣ್ಣ) ಸರಿಹೋಗುತ್ತೆ. ಇಷ್ಟನ್ನು ಮೊದಲೇ ತೀರ್ಮಾನ ಮಾಡಿಕೊಂಡರೆ ರಾತ್ರಿ ಕಣ್ಣಿಗೆ ಬೀಳುವ ಪೆನ್ನುಗಳಲ್ಲಿ ಮುಕ್ಕಾಲು ಪಾಲು ತಾವೇ ಬಿದ್ದುಹೋಗುತ್ತವೆ.

ಮದ್ದೂರು

ನಂದು ಸುಲಭ. ಒಂದು ಪೆನ್ ಮನೆಗೆ ಬರಬೇಕು ಅಂದರೆ ಇನ್ನೊಂದು ಹೋಗಬೇಕು. ಮಾರಿಯೋ, ಅಕ್ಕನ ಮಗನಿಗೆ ಕೊಟ್ಟೋ. ಯಾವುದನ್ನು ಕೊಡೋದು ಅಂತ ಯೋಚನೆ ಮಾಡೋಕೆ ಕೂತರೆ ಅರ್ಧ ಸಲ ಹೊಸದರ ಆಸೆಯೇ ಇಳಿದುಹೋಗುತ್ತೆ.

ಅಗ್ರಹಾರ, ಮೈಸೂರು

ಎಲ್ಲರೂ ಸೇರಿ ಆ ಮೇಡಂ ಕೈ ಕಟ್ಟಿಹಾಕಬೇಡಿ ಸ್ವಾಮಿ. ಕಂಡ ತಕ್ಷಣ ಕೊಳ್ಳಲೇಬೇಕಾದ ಪೆನ್ನುಗಳೂ ಇವೆ. ಸಂತೆಪೇಟೆ, ಶಿವರಾಂಪೇಟೆ ಕಡೆ ಹಳೆಯ ಸ್ಟೇಷನರಿ ಅಂಗಡಿಗಳಿಗೆ ಹೋಗಿ, ‘ಹಳೇ ಸ್ಟಾಕ್ ಇಂಕ್ ಪೆನ್ ಏನಾದ್ರೂ ಉಳಿದಿದೆಯಾ’ ಅಂತ ಕೇಳಿ. ಹತ್ತು ಅಂಗಡಿಯಲ್ಲಿ ಇಲ್ಲ ಅಂತಾರೆ. ಒಬ್ಬರು ಮಾತ್ರ ಒಳಗೆ ಹೋಗಿ ಧೂಳು ಹಿಡಿದ ಡಬ್ಬ ತರುತ್ತಾರೆ. ಅದರಲ್ಲಿ ಹೀರೋ, ವಾಲಿಟಿ, ಕ್ಯಾಮ್ಲಿನ್ ಹೀಗೆ ಯಾವ ಹಳೇ ಕಂಪನಿಯ ಪೆನ್ ಬೇಕಾದರೂ ಇರಬಹುದು. ‘ಪಟ್ಟಿಯಲ್ಲಿ ಇಲ್ಲ, ಮುಂದಿನ ತಿಂಗಳು ನೋಡೋಣ’ ಅಂತ ಬಂದರೆ ಮುಂದಿನ ತಿಂಗಳು ಆ ಡಬ್ಬ ಇರಲ್ಲ. ಕೆಲವು ಸಲ ಆ ಅಂಗಡಿಯೇ ಇರಲ್ಲ.

ಆದರೆ ತಕ್ಷಣ ಅಂದರೆ ಕಣ್ಣುಮುಚ್ಚಿ ಅಲ್ಲ. ಅಂಗಡಿಯಲ್ಲೇ ಐದು ನಿಮಿಷ ಕೆಲಸ ಇದೆ. ಮೊದಲು ಕ್ಯಾಪಿನ ಬಾಯಿ. ಬೆಳಕಿಗೆ ಹಿಡಿದು ಸುತ್ತ ತಿರುಗಿಸಿ, ಕೂದಲೆಳೆಯಂಥ ಬಿರುಕು ಇದೆಯಾ ನೋಡಿ. ಹಳೆಯ ಪ್ಲಾಸ್ಟಿಕ್ ಒಡೆಯೋದು ಅಲ್ಲೇ. ಆಮೇಲೆ ನಿಬ್ಬನ್ನು ತುದಿಯ ಕಡೆಯಿಂದ, ಕಣ್ಣಿನ ಮಟ್ಟಕ್ಕೆ ತಂದು ನೋಡಿ. ನಡುವಿನ ಸೀಳಿನ ಆಚೀಚೆಯ ಎರಡೂ ಹಲ್ಲು ಒಂದೇ ಸಮ ಇರಬೇಕು. ಒಂದು ಮೇಲೆ ಒಂದು ಕೆಳಗೆ ಇದ್ದರೆ ಕೆರೆಯುತ್ತೆ. ಒಳಗೆ ರಬ್ಬರ್ ಟ್ಯೂಬ್ ಇರುವ ಪೆನ್ನಾದರೆ ಮೆಲ್ಲಗೆ ಒತ್ತಿ. ಗಟ್ಟಿಯಾಗಿದ್ದರೆ ಟ್ಯೂಬಿನ ಕಥೆ ಮುಗಿದಿದೆ ಅಂತಲೇ ಅರ್ಥ, ರಿಪೇರಿ ಖರ್ಚು ಸೇರಿಸಿ ಬೆಲೆ ಮಾತಾಡಿ. ಜೇಬಿನಲ್ಲಿ ಒಂದು ಸಣ್ಣ ಇಂಕ್ ಬಾಟಲಿ, ಒಂದು ಹಾಳೆ ಇದ್ದರೆ ನಿಬ್ ಅದ್ದಿ ಎರಡು ಸಾಲು ಬರೆದೇಬಿಡಿ. ಅಂಗಡಿಯವರು ಬೇಡ ಅಂದಿದ್ದು ನಾನಂತೂ ಕಂಡಿಲ್ಲ. ಅವರಿಗೂ ಖುಷಿ, ಈ ಕಾಲದಲ್ಲಿ ಯಾರೋ ಕೇಳಿಕೊಂಡು ಬಂದರಲ್ಲ ಅಂತ.

ಇಷ್ಟು ನೋಡಿ ಕೊಂಡರೆ ಅದನ್ನು ದುಡುಕು ಅಂತ ನಾನು ಕರೆಯಲ್ಲ. ಅಂಥ ಪೆನ್ನಿಗೆ ಹೋಗುವ ದುಡ್ಡೂ ಒಂದು ಹೊತ್ತಿನ ಹೋಟೆಲ್ ಊಟದಷ್ಟು. ದುಡುಕು ಅಂದರೆ ಆನ್‌ಲೈನ್‌ನಲ್ಲಿ ಫೋಟೋ ನೋಡಿ ಸಾವಿರಾರು ರೂಪಾಯಿ ಕಟ್ಟೋದು.

ಶ್ರೀರಂಗಪಟ್ಟಣ

ಕೊಳ್ಳುವ ಮುಂಚೆ ಮನೆಯ ಟ್ರಂಕು ನೋಡಿದ್ದೀರಾ ಅಕ್ಕ? ಅಜ್ಜ, ಅಪ್ಪ ಬಳಸಿದ ಪೆನ್ ಎಷ್ಟೋ ಮನೆಗಳಲ್ಲಿ ಸುಮ್ನೆ ಬಿದ್ದಿರುತ್ತೆ. ನಿಬ್ಬಿನ ಭಾಗವನ್ನು ಒಂದು ರಾತ್ರಿ ತಣ್ಣೀರಲ್ಲಿ ನೆನೆಹಾಕಿ, ಬೆಳಿಗ್ಗೆ ನೀರು ಬದಲಿಸಿ. ಬಣ್ಣ ಬರೋದು ನಿಲ್ಲುವವರೆಗೂ ಹೀಗೇ. ಬಿಸಿನೀರು ಮಾತ್ರ ಬೇಡ. ಎಬೊನೈಟ್ (ಗಟ್ಟಿ ರಬ್ಬರ್) ಪೆನ್ನಾದರೆ ಬಿಸಿನೀರಿಗೆ ಹೊಳಪು ಹೋಗಿ ಕಂದು ತಿರುಗುತ್ತೆ.

ಜಯಲಕ್ಷ್ಮೀಪುರಂ, ಮೈಸೂರು

ನಾನು ಎದುರು ಮಾತು ಹೇಳುತ್ತೇನೆ. ಪ್ಲಾನ್ ಮಾಡಿ ಕೊಂಡ ಪೆನ್ನೂ ಮೂಲೆ ಸೇರುತ್ತೆ. ನನ್ನ ಗೆಳೆಯನೊಬ್ಬ ಒಂದು ದಪ್ಪ, ಭಾರದ ಪೆನ್ನಿಗೆ ವರ್ಷಗಟ್ಟಲೆ ದುಡ್ಡು ಕೂಡಿಟ್ಟ. ಓದದ ವಿಮರ್ಶೆ ಇಲ್ಲ, ನೋಡದ ವಿಡಿಯೊ ಇಲ್ಲ. ಬಂದ ಮೇಲೆ ಅರ್ಧ ಪುಟಕ್ಕೆ ಕೈ ನೋವು. ಅಷ್ಟು ಓದಿದವನು ಒಂದು ಸಲವೂ ಅದನ್ನು ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಕಾದ ದಿನ ಜಾಸ್ತಿಯಾದಷ್ಟೂ ಚೆನ್ನಾಗಿಲ್ಲ ಅಂತ ಒಪ್ಪಿಕೊಳ್ಳೋದೂ ಕಷ್ಟ. ಆ ಪೆನ್ ಈಗಲೂ ಅವನ ಮೇಜಿನ ಮೇಲೆ ಸ್ಟ್ಯಾಂಡಿನಲ್ಲಿದೆ, ಬರೆಯೋದು ಮಾತ್ರ ಬೇರೆಯದರಲ್ಲಿ.

ಹಾಗಾಗಿ ಗೋಲ್ಡ್ ನಿಬ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾಗದಕ್ಕೆ ತಾಗುವ ತುದಿ ಚಿನ್ನದ್ದಲ್ಲ. ಸ್ಟೀಲ್ ನಿಬ್ಬಿಗೂ ಗೋಲ್ಡ್ ನಿಬ್ಬಿಗೂ ತುದಿಯಲ್ಲಿ ಬೆಸೆಯೋದು ಬೇರೆ ಗಟ್ಟಿ ಲೋಹದ ಸಣ್ಣ ಗುಂಡು. ನುಣುಪು ಬರೋದು ಅದನ್ನು ಎಷ್ಟು ಚೆನ್ನಾಗಿ ತೀಡಿದ್ದಾರೆ ಅನ್ನೋದರಿಂದ. ಚಿನ್ನ ಇದ್ದರೆ ಕೆಲವು ನಿಬ್ಬುಗಳಲ್ಲಿ ಒತ್ತಿದಾಗ ಒಂಚೂರು ಬಾಗುವ ಹಿತ ಸಿಗುತ್ತೆ, ಹುಳಿ ಜಾಸ್ತಿ ಇರುವ ಇಂಕಿಗೂ ತುಕ್ಕು ಹಿಡಿಯಲ್ಲ. ಅಷ್ಟೇ. ‘ಗೋಲ್ಡ್ ಬಂದರೆ ಕೈಬರಹ ಚೆನ್ನಾಗುತ್ತೆ’ ಅನ್ನೋ ನಿರೀಕ್ಷೆ ಇದ್ದರೆ ಅದನ್ನು ಈಗಲೇ ಬಿಡಿ.

ಆದರೂ ಆಸೆ ಆಸೆಯೇ. ಪ್ಲಾಟಿನಂ 3776 ಅಂತ ಒಂದು ಜಪಾನಿ ಪೆನ್ ಇದೆ, ಹೆಸರು ಫ್ಯೂಜಿ ಪರ್ವತದ ಎತ್ತರದ್ದು, 3776 ಮೀಟರ್. 14 ಕ್ಯಾರೆಟ್ ನಿಬ್. ಅದರ ಕ್ಯಾಪಿನ ಒಳಗೆ ಸ್ಪ್ರಿಂಗ್ ಇರುವ ಇನ್ನೊಂದು ಮುಚ್ಚಳ ಇದೆ, ನಿಬ್ಬನ್ನು ಬಿಗಿಯಾಗಿ ಮುಚ್ಚುತ್ತೆ. ತಿಂಗಳುಗಟ್ಟಲೆ ಡ್ರಾಯರಿನಲ್ಲಿ ಇದ್ದರೂ ಇಂಕ್ ಬೇಗ ಒಣಗಲ್ಲ. ನಿಮ್ಮಂಥವರಿಗೆ ಇದೇ ಮುಖ್ಯ ಅಲ್ವಾ? ಅದೇ ಕಂಪನಿಯ ಪ್ರೆಪ್ಪಿ ಅನ್ನೋ ಅಗ್ಗದ ಪೆನ್ನಿನಲ್ಲೂ ಇಂಥದ್ದೇ ಮುಚ್ಚಳ ಇದೆ. ಮೊದಲು ಅದನ್ನು ತಗೊಂಡು ಒಂದು ಟರ್ಮ್ ಪೂರ್ತಿ ಬರೆಯಿರಿ. ಅದರಲ್ಲೇ ಖುಷಿಯಾಗಿ ಬರೆಯುತ್ತಿದ್ದರೆ ದೊಡ್ಡದಕ್ಕೆ ದುಡ್ಡು ಎತ್ತಿಡಿ.

ನಮ್ಮ ಕಡೆಯ ಪೆನ್ ಬೇಕು ಅಂದರೆ ರಾಜಮಂಡ್ರಿಯ ರತ್ನಂ ಪೆನ್ ಇದೆ. ಗಾಂಧೀಜಿಗೆ ಸ್ವದೇಶಿ ಪೆನ್ ಮಾಡಿ ಕಳಿಸಿ, 1935ರಲ್ಲಿ ಅವರಿಂದ ಮೆಚ್ಚುಗೆಯ ಪತ್ರ ಪಡೆದವರು. ಕೈಯಲ್ಲೇ ಕಡೆದು ಮಾಡುವ ಎಬೊನೈಟ್ ಪೆನ್ನುಗಳ ಒಂದು ಗುಣ ನನಗೆ ಇಷ್ಟ: ಆರ್ಡರ್ ಕೊಟ್ಟು ಕಾಯಬೇಕು. ಎಷ್ಟು ದಪ್ಪ, ಎಷ್ಟು ಉದ್ದ, ಯಾವ ನಿಬ್ ಅಂತ ಮೊದಲೇ ಹೇಳಬೇಕು. ಅವಸರಕ್ಕೆ ಅಲ್ಲಿ ಜಾಗವೇ ಇಲ್ಲ. ಹೊಟ್ಟೆಗೇ ನೇರವಾಗಿ ಡ್ರಾಪರಿನಲ್ಲಿ ಇಂಕ್ ತುಂಬುವ ಪೆನ್ ತಗೊಂಡರೆ ಒಂದು ವಿಷಯ ನೆನಪಿರಲಿ. ಇಂಕ್ ಅರ್ಧಕ್ಕಿಂತ ಕೆಳಗೆ ಇಳಿದಾಗ ಕೈ ಬಿಸಿಗೆ ಒಳಗಿನ ಗಾಳಿ ಹಿಗ್ಗಿ, ನಿಬ್ಬಿಂದ ಇಂಕ್ ತೊಟ್ಟಿಕ್ಕುತ್ತೆ. ಮಂಡ್ಯದ ಏಪ್ರಿಲ್ ಬಿಸಿಲಿಗೆ ಕೇಳಲೇಬೇಡಿ. ಖಾಲಿಯಾಗೋಕೆ ಬಿಡದೆ ತುಂಬಿಸುತ್ತಿರಿ.

ಕುವೆಂಪುನಗರ, ಮೈಸೂರು

ಯಾರೂ ಇಂಕ್ ಬಗ್ಗೆ ಹೇಳಲಿಲ್ಲ. ನಿಜವಾಗಿ ದುಡ್ಡು ಸೋರೋದು ಅಲ್ಲಿ. ಪೆನ್ ಕೊಂಡರೆ ಮನಸ್ಸು ಚುಚ್ಚುತ್ತೆ, ಇಂಕ್ ಬಾಟಲಿಗೆ ‘ಇಷ್ಟೇ ತಾನೇ’ ಅನ್ನಿಸುತ್ತೆ. ಲೆಕ್ಕ ಹಾಕಿ. ಒಂದು ಕನ್ವರ್ಟರ್, ಅಂದರೆ ಪೆನ್ನಿನೊಳಗೆ ಇಂಕ್ ಎಳೆದು ತುಂಬಿಸುವ ಸಣ್ಣ ನಳಿಕೆ, ಸಾಮಾನ್ಯವಾಗಿ ಹಿಡಿಯೋದು 1 ಮಿಲಿಲೀಟರಿಗೂ ಕಡಿಮೆ. 50 ಮಿಲಿಯ ಒಂದು ಬಾಟಲಿ ಅಂದರೆ 50ಕ್ಕೂ ಹೆಚ್ಚು ಸಲ ತುಂಬಿಸಬಹುದು. ವಾರಕ್ಕೊಂದು ಸಲ ತುಂಬಿಸಿದರೂ ವರ್ಷ ಬೇಕು, ಅದೂ ಒಂದೇ ಬಣ್ಣದಲ್ಲಿ ಬರೆದರೆ. ಹತ್ತು ಬಾಟಲಿ ಇಟ್ಟುಕೊಂಡವರು ರಿಟೈರ್ ಆದ ಮೇಲೂ ಬರೆಯಬೇಕಾಗುತ್ತೆ.

ದಿನನಿತ್ಯಕ್ಕೆ ಬೆಂಗಳೂರಿನ ಬ್ರಿಲ್ ಇಂಕ್ ಸಾಕು. ಬಣ್ಣದ ಹುಚ್ಚು ಇದ್ದರೆ ಇಬ್ಬರು ಮೂವರು ಸೇರಿ ಒಂದು ಬಾಟಲಿ ತರಿಸಿ, ಸಣ್ಣ ಸೀಸೆಗಳಲ್ಲಿ ಹಂಚಿಕೊಳ್ಳಿ. ಕೊಲ್ಕತ್ತಾದ ಸುಲೇಖಾ ಇಂಕ್ 1934ರಲ್ಲಿ ಶುರುವಾಗಿ, ಮಧ್ಯೆ ಬಾಗಿಲು ಮುಚ್ಚಿ ಈಗ ಮತ್ತೆ ಬರುತ್ತಿದೆ. ಅದರ ಬಣ್ಣಗಳನ್ನು ನಾವು ಹಾಗೇ ಹಂಚಿಕೊಂಡು ನೋಡಿದ್ದು.

ಮೈಸೂರಿನವರು ಅಂದಕೂಡಲೇ ಕೆಲವರು ತಮಾಷೆಗೆ ಕೇಳುತ್ತಾರೆ, ನಿಮ್ಮೂರಿನ ಇಂಕ್ ಹಾಕಲ್ವಾ ಅಂತ. 1962ರ ಚುನಾವಣೆಯಿಂದ ದೇಶಕ್ಕೆಲ್ಲ ಬೆರಳಿಗೆ ಹಚ್ಚುವ ಇಂಕ್ ಕೊಡುತ್ತಿರೋದು ನಮ್ಮ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ಸಿಲ್ವರ್ ನೈಟ್ರೇಟ್ ಇರುವ ಆ ಇಂಕ್ ಪೆನ್ನಿಗೆ ಹಾಕಿದರೆ ಪೆನ್ನಿಗೂ ಕಾಯಂ ಗುರುತು ಬೀಳುತ್ತೆ.

ಮಂಡ್ಯ, ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ‘ಸ್ವಾತಂತ್ರ್ಯ’ ಈಗಲೇ ಬರೆದು ನೋಡಿದೆ. ಇರುವ ಪೆನ್ನುಗಳಲ್ಲಿ ಒಂದರಲ್ಲಿ ಮಾತ್ರ ಒತ್ತಕ್ಷರ ಬಿಡಿಯಾಗಿ ಕಾಣುತ್ತಿದೆ, ದಿನಾ ಶಾಲೆಗೆ ಒಯ್ಯುವುದೂ ಅದನ್ನೇ! ಇನ್ನೊಂದು ಕೇಳಬೇಕಿತ್ತು. ದಸರಾಕ್ಕೆ ಆಫರ್ ಬರುತ್ತವಲ್ಲ, ಗೋಲ್ಡ್ ನಿಬ್ಬಿಗೆ ಅಲ್ಲಿವರೆಗೆ ಕಾಯಲಾ?

ಸರಸ್ವತಿಪುರಂ, ಮೈಸೂರು

ಕಾಯಿರಿ, ಆದರೆ ಒಂದು ಷರತ್ತು. ಯಾವ ಪೆನ್, ಯಾವ ನಿಬ್, ಎಷ್ಟರವರೆಗೆ ಕೊಡಬಹುದು, ಈ ಮೂರನ್ನೂ ಆಫರ್ ಶುರುವಾಗುವ ಮುಂಚೆಯೇ ಬರೆದಿಡಿ. ಈಗಿನ ಬೆಲೆಯನ್ನೂ ಗುರುತು ಹಾಕಿಕೊಳ್ಳಿ. ಎಷ್ಟೋ ಸಲ ಬೆಲೆ ಏರಿಸಿ ಆಮೇಲೆ ಇಳಿಸಿದ್ದು ತೋರಿಸುತ್ತಾರೆ. ನೀವು ಬರೆದಿಟ್ಟ ನಿಬ್ ಇಲ್ಲ, ಎಂ ಮಾತ್ರ ಆಫರಿನಲ್ಲಿದೆ ಅಂದರೆ ಬಿಟ್ಟುಬಿಡಿ.

ನಮ್ಮ ಮನೆಯಲ್ಲಿ ಆಯುಧ ಪೂಜೆಗೆ ಪೆನ್ನುಗಳನ್ನೆಲ್ಲ ತೆಗೆದು ಸಾಲಾಗಿ ಇಡುತ್ತೇವೆ. ಇಡುವ ಮುಂಚೆ ತೊಳೆಯಬೇಕಲ್ಲ, ಆಗ ಗೊತ್ತಾಗುತ್ತೆ. ಕೆಲವು ಸಲೀಸಾಗಿ ತೊಳೆದುಕೊಳ್ಳುತ್ತವೆ. ಕೆಲವುಗಳಲ್ಲಿ ಇಂಕ್ ಒಣಗಿ ಹೆಪ್ಪುಗಟ್ಟಿ ಕನ್ವರ್ಟರಿಗೇ ಅಂಟಿಕೊಂಡಿರುತ್ತೆ, ಹೋದ ದಸರಾ ಆದಮೇಲೆ ಮುಟ್ಟೇ ಇಲ್ಲ ಅಂತ. ಮದ್ದೂರಿನವರು ಹೇಳಿದ ಹಾಗೆ ಯಾವುದನ್ನು ಕೊಡಬೇಕು ಅನ್ನೋದು ಅವತ್ತೇ ತೀರ್ಮಾನ ಆಗುತ್ತೆ.

ಜಯಲಕ್ಷ್ಮೀಪುರಂ, ಮೈಸೂರು

ಮೇಡಂ, ಆಫರಿಗೆ ಮುಂಚೆ ಒಂದು ಭಾನುವಾರ ಮೈಸೂರಿಗೆ ಬಂದುಬಿಡಿ. ನಾವು ನಾಲ್ಕು ಜನ ಪೆನ್ನಿನವರು ಆಗಾಗ ಕಾಫಿಗೆ ಸೇರುತ್ತೇವೆ. ನನ್ನ ಹತ್ತಿರ 3776 ಎಫ್ ನಿಬ್ಬಿನದ್ದಿದೆ, ಇನ್ನೊಬ್ಬರ ಹತ್ತಿರ ಲ್ಯಾಮಿ 2000 ಇಎಫ್ ಇದೆ. ಎರಡರಲ್ಲೂ ಒಂದೊಂದು ಪುಟ ಪೂರ್ತಿ ಬರೆದು ನೋಡಿ, ಎರಡು ಸಾಲು ಬರೆದರೆ ಗೊತ್ತಾಗಲ್ಲ. ಕಾಗದ ಮಾತ್ರ ನೀವೇ ತನ್ನಿ, ಶಾಲೆಯಲ್ಲಿ ದಿನಾ ಬರೆಯುವ ಪುಸ್ತಕವೇ ಆಗಲಿ. ನಮ್ಮ ಒಳ್ಳೆಯ ಕಾಗದದ ಮೇಲೆ ಎಲ್ಲ ಪೆನ್ನೂ ಚೆನ್ನಾಗೇ ಬರೆಯುತ್ತೆ.